ಅಡ್ಡ ಹೇಳುವವರ ಪಾಳಿ

ಮಾರ್ಚ್ ತಿಂಗಳ ಕೊನೆಗೆ ಸಕ್ಕರೆ ಕಟ್ಟೆ ಕುಸಿಯುತ್ತದೆಂದು ಗೊತ್ತಾದ ಮೇಲೂ ಅದರ ಮೇಲೆ ಕೂತವರು ಯಾರೂ ಏಳಲಿಲ್ಲ. ಕಲ್ಲಿನ ಕಟ್ಟೆಯಾಗಿದ್ದರೆ ಏಳುತ್ತಿದ್ದರೋ ಏನೋ. ಇದು ಅಂತರ್ಜಾಲದ ಕಟ್ಟೆ. ಹುಬ್ಬಳ್ಳಿಯಿಂದ ಹಿಡಿದು ಬೀದರ್‌ವರೆಗೆ, ಸಕ್ಕರೆ ಕಾಯಿಲೆಯ ಮಕ್ಕಳನ್ನು ಹೆತ್ತವರು ಮತ್ತು ಆ ಕಾಯಿಲೆಯನ್ನು ತಾವೇ ಹೊತ್ತು ತಿರುಗುವವರು ಸೇರಿ ಹರಟೆ ಹೊಡೆಯುವ ಜಾಗ. ಅದನ್ನು ನಡೆಸುತ್ತಿದ್ದ ತಂತ್ರಾಂಶ ಹಳೆಯದಾಗಿತ್ತು. ಅದನ್ನು ಕಟ್ಟಿದ ಕಂಪನಿ ಬಾಗಿಲು ಹಾಕಿಕೊಂಡು, ಇನ್ನು ಮುಂದೆ ರಿಪೇರಿ ಇಲ್ಲ, ನಿಮ್ಮ ಗಂಟುಮೂಟೆ ಕಟ್ಟಿಕೊಳ್ಳಿ ಎಂದು ತಿಳಿಸಿತ್ತು.

ಹೊಸ ತಂತ್ರಾಂಶ ಆರಿಸುವ ಕೆಲಸ ಇಬ್ಬರು ಹೆಂಗಸರ ಕೊರಳಿಗೆ ಬಿತ್ತು. ಒಬ್ಬಳು ಭುವನೇಶ್ವರಿ ಹಂಚಿನಮನಿ. ಹುಬ್ಬಳ್ಳಿಯ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಎಲ್ಲರ ಬಾಯಲ್ಲಿ ಭುವನಾ. ಮಗಳು ಇಂಚರಾಳಿಗೆ ಎಳವೆಯಲ್ಲೇ ಕಾಯಿಲೆ ಅಂಟಿದಂದಿನಿಂದ ಕಟ್ಟೆಯ ಮೇಲಿದ್ದಾಳೆ. ಇನ್ನೊಬ್ಬರು ನಸೀಮಾ ಮುಲ್ಲಾ. ಗೋಕಾಕದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಸ್ವತಃ ಕಾಯಿಲೆಯವರು, ಕಟ್ಟೆಯನ್ನು ಮೊದಲು ಹಾಕಿದವರಲ್ಲೊಬ್ಬರು. ಇಬ್ಬರೂ ಒಪ್ಪಿದರೆ ಮಾತ್ರ ಹೊಸದಕ್ಕೆ ಹೋಗುವುದು ಎಂದು ಸದಸ್ಯರು ಠರಾವು ಮಾಡಿದರು. ಈ ಇಬ್ಬರು ಎರಡು ವರ್ಷಗಳಿಂದ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಿದವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಮಾಡಿದರು. ಜನರಿಗೆ ಇಂಥದರಲ್ಲಿ ಒಂದು ಖುಷಿ ಇರುತ್ತದೆ.

ಕಟ್ಟೆಯ ಮೇಲೆ ನಡೆಯುತ್ತಿದ್ದುದು ಬರೀ ಹರಟೆಯಾಗಿದ್ದರೆ ಯಾವ ತಂತ್ರಾಂಶವಾದರೂ ನಡೆಯುತ್ತಿತ್ತು. ಆದರೆ ಆ ಕಾಲಕ್ಕೆ ಸಕ್ಕರೆ ಕಾಯಿಲೆಯವರ ತೋಳಿನ ಮೇಲೆ ಬಿಲ್ಲೆ ಬಂದಿತ್ತು. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ರಕ್ತದ ಸಕ್ಕರೆಯನ್ನು ಅದೇ ಅಳೆಯುತ್ತದೆ, ಅದೇ ಇನ್ಸುಲಿನ್ ಬಿಡುತ್ತದೆ. ಅದನ್ನು ಮಾಡಿದವರು ಬ್ರೆಡ್ಡು, ಬಟಾಟೆ, ಪಾಸ್ತಾಗಳ ಲೆಕ್ಕವನ್ನೆಲ್ಲ ತುಂಬಿ ಕಳಿಸಿದ್ದರು. ಜೋಳದ ರೊಟ್ಟಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ಕೂರುತ್ತದೆ, ಗೋಧಿ ಹುಗ್ಗಿ ಉಂಡರೆ ಸಕ್ಕರೆ ಯಾವಾಗ ಏರುತ್ತದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಅದನ್ನು ಕಟ್ಟೆಯವರು ತಾವೇ ಉಂಡು, ಅಳೆದು, ಬರೆದಿಡುತ್ತಿದ್ದರು. ಒಂದು ಅಡುಗೆಯ ಅಳತೆಗೆ ಕಟ್ಟೆ 'ಪಕ್ಕಾ' ಎಂದು ಗುರುತು ಹಾಕಿತೆಂದರೆ, ಬೇಕಾದವರು ಅದನ್ನು ನೇರವಾಗಿ ತಮ್ಮ ಬಿಲ್ಲೆಗೆ ಇಳಿಸಿಕೊಳ್ಳಬಹುದಿತ್ತು.

ಈ ಗುರುತು ಸುಮ್ಮನೆ ಬೀಳುತ್ತಿರಲಿಲ್ಲ. ಕಟ್ಟೆ ಹುಟ್ಟಿದ ವರ್ಷ ಹಿರಿಯ ವೈದ್ಯರೊಬ್ಬರು ಒಂದು ಅಳತೆ ತಪ್ಪಾಗಿ ಬರೆದಿದ್ದರು. ಓದಿದವರಲ್ಲಿ ಹಲವರಿಗೆ ಸಂಶಯ ಬಂದಿತ್ತು. ಅಷ್ಟು ದೊಡ್ಡವರಿಗೆ ಎದುರು ಹೇಗೆ ಹೇಳುವುದೆಂದು ಎಲ್ಲರೂ ಕೈ ಮುಗಿದು ಸುಮ್ಮನಾದರು. ಕೊಪ್ಪಳದ ಹುಡುಗನೊಬ್ಬ ಆಸ್ಪತ್ರೆ ಸೇರಿದ. ಅದಾದ ಮೇಲೆ ನಸೀಮಾ ಒಂದು ಪದ್ಧತಿ ಹಾಕಿದರು. ವಾರಕ್ಕೊಬ್ಬರಂತೆ ಪಾಳಿ. ಪಾಳಿಯಲ್ಲಿದ್ದವರು ಆ ವಾರ ಬಂದ ಪ್ರತಿಯೊಂದು ಅಳತೆಗೂ 'ಅಡ್ಡ' ಎಂದು ಬರೆಯಲೇಬೇಕು. ಬರೆದವರು ಮಾವನಾಗಿರಲಿ, ಮಂತ್ರಿಯಾಗಿರಲಿ, ಅಡ್ಡ ಹೇಳುವುದು ಕರ್ತವ್ಯ. ಆದ್ದರಿಂದ ಅದು ಅವಮಾನವಲ್ಲ. ಉತ್ತರ ಸಮಾಧಾನ ತಂದ ಮೇಲೆ 'ಅಡ್ಡ ಬಿಟ್ಟೆ' ಎಂದು ಬರೆಯಬೇಕು. ಆ ಮಾತು ಕಂಡ ಮೇಲೆಯೇ ತಂತ್ರಾಂಶ ಪಕ್ಕಾ ಗುರುತು ಹಾಕುವುದು.

ಪದ್ಧತಿ ಚೆನ್ನಾಗಿತ್ತು. ಬಹಳ ದಿನ ನಡೆದ ಎಲ್ಲ ಪದ್ಧತಿಗಳಂತೆ ಅದೂ ಸವೆಯಿತು. ಅಡ್ಡ ಹೇಳಲು ಏನೂ ಇಲ್ಲದಾಗ ಜನ ತಮಾಷೆಗಿಳಿದರು. 'ಅಡ್ಡ. ಉಂಡ ತಾಟು ನೀವ ತೊಳದೀರೋ, ಅತ್ತಿ ತೊಳದಳೋ?' ಎಂದು ಕೇಳುವುದು, ಮರುಗಳಿಗೆಯಲ್ಲಿ 'ಅಡ್ಡ ಬಿಟ್ಟೆ' ಎನ್ನುವುದು. ಹಾಗಲ್ಲದೆ ನಿಜವಾಗಿ ಅಡ್ಡ ಹೇಳುತ್ತಿದ್ದವರು ನಸೀಮಾ ಒಬ್ಬರೇ. ಭುವನಾ ಶೇಂಗಾ ಹೋಳಿಗೆಯ ಅಳತೆ ಬರೆದಾಗ ಅವರು, 'ಅಡ್ಡ. ಇದು ಕಾಲೇಜಿನ್ಯಾಗ ಪಾಠ ಹೇಳೋ ಲೆಕ್ಕ, ಮನ್ಯಾಗ ಉಣ್ಣೋ ಲೆಕ್ಕ ಅಲ್ಲ' ಎಂದು ಬರೆದಿದ್ದರು. ಊರೆಲ್ಲ ನಕ್ಕಿತು. 'ಗೋಕಾಕದವರಿಗೆ ಕರದಂಟು ಬಿಟ್ಟು ಬೇರೆ ಲೆಕ್ಕ ಯಾವಾಗ ಬಂತ್ರಿ?' ಎಂದು ಭುವನಾ ತಿರುಗೇಟು ಕೊಟ್ಟಳು. ಊರು ಮತ್ತೂ ನಕ್ಕಿತು. ಅಂದಿನಿಂದ ಅಕ್ಕ ತಂಗಿಯರಂತಿದ್ದವರ ನಡುವೆ ಮಾತು ನಿಂತುಹೋಯಿತು.

ಆರಿಸಲು ಎರಡು ತಂತ್ರಾಂಶಗಳಿದ್ದವು. ಒಂದರ ಹೆಸರು ಬಯಲು. ಬಿಟ್ಟಿ ಸಿಗುತ್ತಿತ್ತು, ನೋಡಲು ಸರಕಾರಿ ಕಚೇರಿಯ ಗೋಡೆಯಂತಿತ್ತು, ಬರೆದದ್ದನ್ನು ಬರೆದ ಹಾಗೆ ತೋರಿಸುತ್ತಿತ್ತು. ಇನ್ನೊಂದು ತಿಳಿನೀರು. ಅದನ್ನು ನೋಡಲು ಭುವನಾ ಒಂದು ಶನಿವಾರ ಧಾರವಾಡಕ್ಕೆ ಹೋದಳು.

ಊರಾಚೆ ಕೈಗಾರಿಕಾ ಬಡಾವಣೆಯಲ್ಲಿ ಕಂಪನಿಯ ಪ್ರಯೋಗಶಾಲೆ. ಪವನ್ ಉಳ್ಳಾಗಡ್ಡಿ ಎಂಬ ಎಂಜಿನಿಯರು ಅವಳನ್ನು ಕೂರಿಸಿ, ಚಹಾ ಕೊಟ್ಟು, ಗೋಡೆಯಗಲದ ಪರದೆಯ ಮೇಲೆ ಒಂದು ಜಗಳ ತೋರಿಸಿದ. ಯಾವುದೋ ಹೌಸಿಂಗ್ ಸೊಸೈಟಿಯವರು ನೀರಿನ ಟ್ಯಾಂಕಿನ ಬಗ್ಗೆ ಒಬ್ಬರಿಗೊಬ್ಬರು ಬರೆದುಕೊಂಡದ್ದು. ಎಡಗಡೆ ಬರೆದದ್ದು, ಬಲಗಡೆ ಓದುವವರಿಗೆ ಕಂಡದ್ದು. ಎಡಗಡೆ ಬೈಗುಳ, ಬಲಗಡೆ ಬುದ್ಧಿಮಾತು.

"ಓದೋರ ಮುಖಾ, ಬೆರಳು ಎರಡನ್ನೂ ಫೋನು ನೋಡತಿರತೈತ್ರಿ ಮೇಡಂ" ಎಂದ ಪವನ್. "ಯಾವ ಮಾತಿಗೆ ಹಣಿ ಗಂಟ ಹಾಕತಾರ, ಎಲ್ಲಿ ಬೆರಳು ನಿಲ್ಲತೈತಿ, ಎಲ್ಲ. ಆಮ್ಯಾಲ ಅವರಿಗೆ ತಡ್ಕೊಳಾಕ ಆಗೋ ಧಾಟಿಯೊಳಗ ಅದನ್ನ ಹೇಳತೈತಿ. ಒಬ್ಬೊಬ್ಬರಿಗೆ ಒಂದೊಂದು ಧಾಟಿ."

"ಅಂದ್ರ ಬರದದ್ದು ಒಂದು, ಓದೂದು ಒಂದು?"

"ಧಾಟಿ ಅಷ್ಟ ಬ್ಯಾರೆ ಆಗತೈತ್ರಿ. ತಿರುಳು ಅಲ್ಲೇ ಇರತೈತಿ. ನೀವು ಮನ್ಯಾಗ ಮಾವನ ಮಾತನ್ನ ಗಂಡಗ ಹೇಳೂಮುಂದ ಮಾಡೂದಿಲ್ಲೇನ್ರಿ, ಹಂಗ."

ಭುವನಾ ನಕ್ಕಳು. ಮಾವನ ಮಾತನ್ನು ಅವಳು ಹೇಗೆ ಸಾಗಿಸುತ್ತಿದ್ದಳೆಂಬುದು ಅವಳಿಗೇ ಗೊತ್ತು.

"ಕಟ್ಟೆಯ ಹಳೇ ಬರಹಾ ಎಲ್ಲಾ ಕೊಡ್ರಿ" ಎಂದ ಪವನ್. "ನಿಮ್ಮ ಮಂದಿ ಹೆಂಗ ಮಾತಾಡತಾರ ಅಂತ ಅದು ಮೊದಲು ಕಲೀಬೇಕು. ಕಲತ ಮ್ಯಾಲ ನಿಮಗಿಂತ ಚೊಲೋ ಮಾತಾಡತೈತಿ."

ಬರಹಗಳನ್ನು ಕೊಡಲಾಯಿತು. ಒಂದು ತಿಂಗಳ ಪ್ರಯೋಗ ಎಂದು ಠರಾವಾಯಿತು. ನಸೀಮಾ ಗೋಕಾಕದಿಂದ ಒಂದೇ ಸಾಲು ಬರೆದು ಒಪ್ಪಿದರು.

ತಿಳಿನೀರಿನ ಆ ತಿಂಗಳನ್ನು ಕಟ್ಟೆಯ ಮೇಲಿದ್ದವರು ಈಗಲೂ ನೆನೆಸುತ್ತಾರೆ. ಎರಡನೇ ವಾರದ ಹೊತ್ತಿಗೆ ಜಗಳ ಎಂಬುದೇ ಇರಲಿಲ್ಲ. ಸದಾ ಸಿಡುಕುತ್ತಿದ್ದ ಇಳಕಲ್ಲಿನ ಬಟ್ಟೆ ವ್ಯಾಪಾರಿ ಋಷಿಯಾದ. ಎಂದೂ ಬಾಯಿಬಿಡದೆ ಬರೀ ಓದಿಕೊಂಡಿದ್ದವರು ಬರೆಯತೊಡಗಿದರು. ಯಾದಗಿರಿಯ ಕಡೆಯ ಸಾಬಮ್ಮ ಎಂಬ ಹೆಣ್ಣುಮಗಳು, ಮೂರು ವರ್ಷದಿಂದ ಕಟ್ಟೆಯ ಅಂಚಿಗೆ ಕೂತವಳು, ಮೊದಲ ಸಲ ಒಂದು ಪ್ರಶ್ನೆ ಕೇಳಿದಳು. 'ನನ್ನ ಮಗ ಸಾಲಿಗಿ ಹೋಗುಮುಂದ ಬಿಲ್ಲಿ ಕಿತ್ತಿಡ್ತಾನ್ರಿ, ಗೆಳ್ಯಾರು ನಗ್ತಾರಂತ. ಏನ್ ಮಾಡ್ಲ್ರಿ? ಕೇಳ್ಬೇಕಂದ್ರ ಇಷ್ಟು ದಿನ ಅಂಜಿಕಿ ಬರ್ತಿತ್ರಿ.' ಹತ್ತಾರು ಜನ ಅವಳಿಗೆ ಉತ್ತರ ಬರೆದರು. ಹುಡುಗ ಬಿಲ್ಲೆ ಕೀಳುವುದನ್ನು ಬಿಟ್ಟ. ಇದಕ್ಕಿಂತ ಹೆಚ್ಚಿನದನ್ನು ಒಂದು ತಂತ್ರಾಂಶದಿಂದ ಯಾರು ಬಯಸಬಲ್ಲರು ಎಂದು ಭುವನಾಗೆ ಅನ್ನಿಸಿತು.

ಅವಳಿಗೆ ಅದಕ್ಕೂ ಹೆಚ್ಚಿನದು ಸಿಕ್ಕಿತ್ತು. ಒಂದು ಮುಂಜಾನೆ ಒಗ್ಗರಣೆ ಹಾಕುತ್ತ ಫೋನು ನೋಡಿದರೆ ನಸೀಮಾ ಬರೆದಿದ್ದರು: 'ಇಷ್ಟು ವರ್ಷ ಪಾಠ ಮಾಡಿದ ಅನುಭವ ನಿನ್ನ ಅಳತಿಯೊಳಗ ಕಾಣತೈತಿ ಭುವನಾ.' ಅವಳು ಅದನ್ನು ಎರಡು ಸಲ ಓದಿದಳು. ಧಾಟಿ ತಿಳಿನೀರಿನದಾದರೂ ತಿರುಳು ಅಕ್ಕನದೇ ಎಂದು ನಂಬಿದಳು. ಒಗ್ಗರಣೆ ಹೊತ್ತಿತು.

"ಅವ್ವಾ, ಸಾಸಿವಿ ಕರ್‍ರಗಾತು" ಎಂದಳು ಇಂಚರಾ. ಒಂಬತ್ತನೇ ಕ್ಲಾಸು, ಮೂಗು ಚೂಪು. "ಇತ್ತೀಚಿಗೆ ಫೋನ್ ನೋಡಿ ನಗಾಕತ್ತೀಯಲ, ಯಾರದು?"

"ನಸೀಮಾಕ್ಕ ಬರದಾರ."

"ಅವರಾ? ಜಗಳ ಮುಗೀತಾ?"

"ಜಗಳ ಎಲ್ಲಿತ್ತು?" ಎಂದಳು ಭುವನಾ. ಎರಡು ವರ್ಷ ಮನೆಯವರೆಲ್ಲರ ಮುಂದೆ ಅದನ್ನೇ ಹಾಡಿದವಳು ತಾನಲ್ಲ ಎಂಬಂತೆ ಹೇಳಿದಳು. ಅವಳಿಗೆ ನಿಜವಾಗಿಯೂ ಹಗುರಾಗಿತ್ತು. ನಸೀಮಾಕ್ಕನಿಗೆ ತಾನೂ ಒಂದು ಒಳ್ಳೆಯ ಮಾತು ಬರೆಯಬೇಕೆಂದು ಅವಳು ದಿನಾ ಅಂದುಕೊಂಡಳು. ದಿನಾ ಕೆಲಸದ ಗದ್ದಲದಲ್ಲಿ ಒಣ ಸಾಲುಗಳನ್ನೇ ಬರೆದಳು. ಹೇಗೂ ಎಲ್ಲ ಸರಿಹೋಗಿದೆಯಲ್ಲ, ಅವಸರವೇನು ಎಂಬ ಧೈರ್ಯ.

ಪ್ರಯೋಗದ ತಿಂಗಳು ಮುಗಿಯುತ್ತ ಬಂದಾಗ ಬಸುರಿ ನೆಗೆಣ್ಣಿಯ ಕುಬಸ, ಅಂದರೆ ಸೀಮಂತ, ಬಂತು. ಕುಬಸಕ್ಕೆ ಮಾದಲಿ ಮಾಡುವುದು ಅವರ ಮನೆಯ ರೂಢಿ. ಗೋಧಿ ಹಿಟ್ಟಿನ ರೊಟ್ಟಿ ತಟ್ಟಿ, ಕುಟ್ಟಿ ಪುಡಿಮಾಡಿ, ಬೆಲ್ಲ, ಪುಟಾಣಿ ಕಡಲೆ, ಗಸಗಸೆ ಕಲಸಿದ ಉದುರುದುರು ಸಿಹಿ. ಇಂಚರಾ ಅದಕ್ಕೆ ಪ್ರಾಣ ಬಿಡುವವಳು. ಕಟ್ಟೆಯಲ್ಲಿ ಮಾದಲಿಯ ಅಳತೆ ಇರಲಿಲ್ಲ. ಭುವನಾ ಎರಡು ದಿನ ಮೊದಲೇ ಮನೆಯಲ್ಲಿ ಮಾಡಿ, ಮಗಳಿಗೆ ಬರೀ ಮಾದಲಿ ತಿನ್ನಿಸಿ, ಬಿಲ್ಲೆ ನೋಡಿ ಅಳತೆ ಬರೆದಳು. ಬೆಲ್ಲ ಬೇಗ ಏರುತ್ತದೆ. ಆದ್ದರಿಂದ ಊಟದ ಮೊದಲೇ ಪೂರ್ತಿ ಇನ್ಸುಲಿನ್ ಬೀಳಲಿ ಎಂದು ಲೆಕ್ಕ ಹಾಕಿದಳು. ಕಟ್ಟೆಗೆ ಹಾಕಿದಳು. ಆ ವಾರದ ಪಾಳಿ ನಸೀಮಾ ಅವರದು.

ಸಂಜೆಗೆ ಉತ್ತರ ಬಂದಿತ್ತು. ಭುವನಾ ಓದಿದ್ದು ಹೀಗಿತ್ತು: 'ಪಾಳಿ ಪ್ರಕಾರ ಅಡ್ಡ ಹೇಳೀನಿ. ಕುಬಸದಾಗ ತುಪ್ಪಾ ಮಾತ್ರ ಮರೀಬ್ಯಾಡ. ಮಗಳಿಗೆ ಚೊಲೋ ಆಗಲಿ. ಅಡ್ಡ ಬಿಟ್ಟೆ.' ಕೆಳಗೆ ಪಕ್ಕಾ ಗುರುತು ಬಿದ್ದಿತ್ತು. ಅದರ ಹಿಂದೆಯೇ ನಸೀಮಾ ಅವರಿಂದ ಮತ್ತೆ ಎರಡು ಸಲ ಬಂತು. ಎರಡರಲ್ಲೂ ಹಾರೈಕೆ, ಕುಬಸದವಳಿಗೆ ಆಶೀರ್ವಾದ. ಅಕ್ಕನಿಗೆ ಇವತ್ತೇನು ಇಷ್ಟು ಪ್ರೀತಿ ಉಕ್ಕಿದೆ ಎಂದುಕೊಂಡು ಭುವನಾ ಅಳತೆಯನ್ನು ಮಗಳ ಬಿಲ್ಲೆಗೆ ಇಳಿಸಿದಳು.

ಕುಬಸದ ಮಧ್ಯಾಹ್ನ ಪಂಕ್ತಿಯಲ್ಲಿ ಇಂಚರಾಳ ಎಲೆಗೆ ಮಾದಲಿ ಬಿತ್ತು. ಭುವನಾ ತಾನೇ ತುಪ್ಪದ ಗಿಂಡಿ ಹಿಡಿದು ಬಂದು, ನಸೀಮಾಕ್ಕ ಹೇಳ್ಯಾರ ಎನ್ನುತ್ತ ಧಾರಾಳವಾಗಿ ಸುರಿದಳು. ಮಗಳು ಚಪ್ಪರಿಸಿ ಉಂಡಳು. ಎಲೆ ಎತ್ತುವ ಹೊತ್ತಿಗೆ ಬಿಲ್ಲೆ ಕೂಗಿತು. ಇಂಚರಾ ಏಳಲು ಹೋಗಿ ಪಕ್ಕದವರ ಮೇಲೆ ವಾಲಿದಳು. ಮೈಯೆಲ್ಲ ಬೆವರು, ಕಣ್ಣು ಎತ್ತಲೋ. ಬಿಲ್ಲೆ ಔಷಧಿಯನ್ನು ನಿಲ್ಲಿಸಿತ್ತು. ಒಳಗೆ ಹೋದದ್ದನ್ನು ವಾಪಸು ಎಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ತುಪ್ಪ ಹೊಟ್ಟೆಯಲ್ಲಿ ಮಾದಲಿಯನ್ನು ಹಿಡಿದು ಕೂತಿತ್ತು, ಇನ್ಸುಲಿನ್ ಅದಕ್ಕಿಂತ ಮೊದಲೇ ಓಡಿತ್ತು. ಭುವನಾ ಮಗಳ ದವಡೆ ಬಿಡಿಸಿ ಗ್ಲುಕೋಸ್ ಪುಡಿಯನ್ನು ಒಸಡಿಗೆ ತಿಕ್ಕಿದಳು. ಸೋಬಾನೆ ಹಾಡುತ್ತಿದ್ದವರು ನಿಲ್ಲಿಸಿದರು. ಇಂಚರಾ ತನ್ನ ಹೆಸರು ತಾನು ಹೇಳುವವರೆಗೆ ಭುವನಾ ಉಸಿರಾಡಿದ್ದಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಅಂಥ ಹೆದರಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಮಗಳನ್ನು ಆಸ್ಪತ್ರೆಗೆ ತೋರಿಸಿ ಮನೆಗೆ ಕರೆತಂದ ಮೇಲೆ, ಅವಳು ಫೋನು ತೆಗೆದು ಅಳತೆಯನ್ನು ಅಳಿಸಿ, ಎಲ್ಲರಿಗೂ ಎಚ್ಚರಿಕೆ ಬರೆದಳು. ಅಷ್ಟರಲ್ಲಿ ಬೇರೆ ಎರಡು ಮನೆಗಳಲ್ಲೂ ಮಕ್ಕಳು ತಲೆತಿರುಗಿ ಕೂತಿದ್ದರು. ಪುಣ್ಯಕ್ಕೆ ಅಲ್ಲಿ ತುಪ್ಪ ಬಡಿಸುವ ಕೈ ಬಿಗಿಯಾಗಿತ್ತು. ಆಮೇಲೆ ಭುವನಾಳ ಹೆದರಿಕೆ ಸಿಟ್ಟಾಯಿತು. ಸಿಟ್ಟೆಲ್ಲ ನಸೀಮಾ ಅವರ ಮೇಲೆ. ತುಪ್ಪ ಮರೀಬ್ಯಾಡ ಎಂದವರು ಅವರೇ ಅಲ್ಲವೇ? ಬರೆಯಲು ಹೋಗಿ ಕೈ ತಡೆದಳು. ಹದಿನೈದು ವರ್ಷ ಬಿಲ್ಲೆ, ಸೂಜಿ ಎರಡನ್ನೂ ಕಂಡ ಹೆಂಗಸು ಹಾಗೆ ಹೇಳುವುದುಂಟೇ ಎಂಬ ಸಂಶಯ ಆಗ ಬಂತು. ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಧಾರವಾಡದ ಬಸ್ಸು ಹತ್ತಿದಳು.

ಪವನ್‌ನ ಮುಖ ನೋಡಿದರೇ ಅವನಿಗೆ ವಿಷಯ ತಿಳಿದಿದೆ ಎಂದು ಗೊತ್ತಾಗುತ್ತಿತ್ತು. ಚಹಾ ಕೇಳಲಿಲ್ಲ. ಗೋಡೆಯ ಪರದೆಯ ಎಡಗಡೆಗೆ ನಸೀಮಾ ಬರೆದದ್ದನ್ನು ತಂದು ನಿಲ್ಲಿಸಿದ.

'ಅಡ್ಡ. ಕುಬಸದಾಗ ಮಾದಲಿ ಯಾರೂ ಒಣಾ ತಿನ್ನೂದಿಲ್ಲ. ತುಪ್ಪದ ಮಾತ ಮರತೀಯಲ್ಲ. ತುಪ್ಪಾ ಬಿದ್ರ ಸಕ್ಕರಿ ತಡಾ ಆಗಿ ಏರತೈತಿ, ಮೊದಲ ಔಷಧ ಬಿದ್ರ ಮಗಳು ಕುಸೀತಾಳ. ತಿದ್ದು.'

ಅದರ ಕೆಳಗೆ: 'ನಾ ಅಡ್ಡ ಬಿಟ್ಟಿಲ್ಲ. ಪಕ್ಕಾ ಅಂತ ಯಾರು ಹಾಕಿದ್ರು?'

ಅದರ ಕೆಳಗೆ: 'ಯಾರರೆ ಓದಾಕತ್ತೀರೋ ಇಲ್ಲೋ? ಭುವನಾ, ನನ್ನ ಮ್ಯಾಲಿನ ಸಿಟ್ಟು ಮಗಳ ಮ್ಯಾಲ ತೀರಿಸ್ಕೋಬ್ಯಾಡ.'

ಭುವನಾ ಕುರ್ಚಿಯ ಕೈ ಹಿಡಿದು ಕೂತಳು. "ಇದರ ತಿರುಳು ನಾ ಓದಿದ್ದರಾಗ ಎಲ್ಲೈತ್ರೀ? ಅಲ್ಲೇ ಇರತೈತಿ ಅಂದಿದ್ರಿ."

"ಅದು ನಿಮ್ಮ ಹಳೇ ಬರಹಾ ಓದಿ ಕಲತದ್ರಿ ಮೇಡಂ" ಎಂದ ಪವನ್, ತಲೆ ತಗ್ಗಿಸಿ. "ಅದರೊಳಗ ಅಡ್ಡ ಅಂದವರೆಲ್ಲಾ ಹೆಚ್ಚು ಕಡಿಮಿ ಹಿಂದಿಂದನ ಅಡ್ಡ ಬಿಟ್ಟೆ ಅಂದಾರ. ತಾಟು ತೊಳದ್ರೇನು, ಅತ್ತಿ ಆರಾಮ ಅದಾಳೇನು, ಇಂಥವ ಅಡ್ಡ. ಮಷೀನು ಏನು ತಿಳಕೋಬೇಕು? ಇದು ಇವರ ನಮಸ್ಕಾರ ಇದ್ದಂಗ ಅಂತ ತಿಳಕೊಂಡೈತಿ. ನಮಸ್ಕಾರ ಅಂದವರು ಆಮ್ಯಾಲ ಬರತೀನಿ ಅಂತಾರಲ್ರಿ, ಹಂಗ ಅಡ್ಡ ಅಂದವರು ಬಿಟ್ಟೆ ಅಂತಾರ. ನಸೀಮಾ ಮೇಡಂ ಅನ್ನಲಿಲ್ಲ, ಅದಕ ಅದನ್ನ ತಾನ ಸೇರಿಸೇತಿ. ಅವರು ಮತ್ತ ಮತ್ತ ಬರದಾಗ, ಭಾಳ ಪ್ರೀತಿಯಿಂದ ನಮಸ್ಕಾರ ಹೇಳಾಕತ್ತಾರ ಅಂದ್ಕೊಂಡೈತಿ."

ತಾಟಿನ ತಮಾಷೆಯನ್ನು ಮೊದಲು ಶುರುಮಾಡಿದವರಲ್ಲಿ ಭುವನಾ ಕೂಡ ಒಬ್ಬಳು. ಅವನನ್ನು ಬೈಯಲೆಂದೇ ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳು ಅಲ್ಲೇ ಕರಗಿದವು.

"ಅಡ್ಡದ ಬರಹಕ್ಕ ಮಷೀನು ಕೈ ಹಚ್ಚದಂಗ ಮಾಡಬಹುದ್ರಿ" ಎಂದ ಪವನ್. "ಒಂದು ವಾರದ ಕೆಲಸ. ಉಳಿದದ್ದು ಹಿಂಗ ಇರತೈತಿ. ತಿಳಿನೀರು ಬ್ಯಾಡ ಅನ್ನೂಕಿಂತ ಮೊದಲು ಸಾಬಮ್ಮನಂಥವರನ್ನ ವಿಚಾರ ಮಾಡ್ರಿ."

ಅವಳು ವಿಚಾರ ಮಾಡಿದಳು. ಮಾಡುತ್ತಲೇ ಇನ್ನೊಂದನ್ನು ಕೇಳಿದಳು. "ನಸೀಮಾಕ್ಕ ಈ ತಿಂಗಳು ನನಗ ಬರದದ್ದು ಎಲ್ಲಾ ತೋರಸ್ರಿ."

ತೋರಿಸಿದ. ಇಷ್ಟು ವರ್ಷದ ಅನುಭವ ಕಾಣುತ್ತದೆ ಎಂಬ ಮಾತಿನ ಎಡಗಡೆಗೆ ಇದ್ದದ್ದು: 'ಇಷ್ಟು ವರ್ಷ ಪಾಠ ಮಾಡಿ ಈಗರೆ ಒಂದು ಅಳತಿ ಸರಿ ಬರದಿ.' ಉಳಿದವೂ ಅದೇ ತೂಕದವು. ಒಂದು ತಿಂಗಳು ಅವಳು ಎದೆಗೆ ಒತ್ತಿಕೊಂಡು ಓದಿದ್ದರಲ್ಲಿ ನಸೀಮಾ ಬರೆದದ್ದು ಒಂದೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಪವನ್ ಪರದೆಯನ್ನು ಆರಿಸಿದ.

ನಿರ್ಧಾರದ ಗಡುವು ಹತ್ತಿರವಿತ್ತು. ಫೋನಿನಲ್ಲಿ ಆಡುವ ಮಾತಲ್ಲ ಎಂದು ಭುವನಾ ಭಾನುವಾರ ಗೋಕಾಕಕ್ಕೆ ಹೋದಳು. ನಸೀಮಾ ಬಾಗಿಲು ತೆಗೆದವರು ಅವಳನ್ನು ಒಳಗೆ ಕರೆಯುವ ಮೊದಲೇ ಕೇಳಿದರು.

"ಇಂಚರಾ ಹೆಂಗದಾಳ?"

"ಆರಾಮ ಅದಾಳ್ರಿ ಅಕ್ಕಾ."

"ಮಾದಲಿ ಮ್ಯಾಲ ತುಪ್ಪಾ ಸುರದಿ ಅಂತಲ್ಲ. ಬುದ್ಧಿ ಐತೇನು ನಿನಗ?"

"ನೀವ ಹೇಳೀರಿ ಅಂತ ಸುರದೆ" ಎಂದಳು ಭುವನಾ. ಒಳಗೆ ಹೋಗಿ ಕೂತು ಧಾರವಾಡದಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ತಾಟಿನ ತಮಾಷೆಯನ್ನೂ ಮುಚ್ಚಿಡಲಿಲ್ಲ. ಅಡ್ಡ ಹೇಳುವುದನ್ನು ಆಟ ಮಾಡಿದವರು ನಾವೇ, ಮಷೀನು ನಮ್ಮನ್ನು ನೋಡಿ ಕಲಿಯಿತು, ಆದ್ದರಿಂದ ಬಯಲಿಗೆ ಹೋಗೋಣ ಎಂದಳು.

ನಸೀಮಾ ತಮ್ಮ ತೋಳಿನ ಬಿಲ್ಲೆಯ ಸುತ್ತ ಕೆರೆದುಕೊಂಡರು. ಆಮೇಲೆ ಭುವನಾ ಎಣಿಸಿರದ ಮಾತು ಆಡಿದರು.

"ತಿಳಿನೀರ ಇರಲಿ. ಆ ಹುಡುಗ ಅಡ್ಡ ಸರಿ ಮಾಡಿ ಕೊಡತೀನಿ ಅಂದಾನಲ್ಲ."

"ನೀವು ಹೀಂಗ ಅಂತೀರಾ? ನಿಮ್ಮ ಮಾತನ್ನ ಅದು ಏನ ಮಾಡೇತಿ ನೋಡಿದ್ರಲ್ಲ?"

"ನನ್ನ ಮಾತ ಬಿಡು" ಎಂದು ನಸೀಮಾ ಫೋನು ತೆಗೆದು ಅವಳ ಮುಂದೆ ಹಿಡಿದರು. "ನಿನ್ನ ಮಾತು ನನಗ ಹೆಂಗ ಬಂದಾವ ನೋಡು. ಇದನ್ನರೆ ನೀನ ಬರದೀಯೋ, ಇದೂ ಅದರದ ಕೈಗುಣಾನೋ, ಹೇಳಿಬಿಡು."

ಪರದೆಯ ಮೇಲೆ ಇತ್ತು: 'ಮುಂದಿನ ವಾರ ನಿಮ್ಮ ಪಾಳಿ ಅಕ್ಕಾ. ಹಿಂದಿನ ಸಲ ಆದದ್ದಕ್ಕ ನನಗ ಇನ್ನೂ ಬ್ಯಾಸರ ಐತಿ.'

ಭುವನಾಗೆ ತಾನು ಬರೆದದ್ದು ಚೆನ್ನಾಗಿ ನೆನಪಿತ್ತು. 'ಮುಂದಿನ ವಾರ ನಿಮ್ಮ ಪಾಳಿ. ಹಿಂದಿನ ಸಲದಂಗ ಆಗದಿರಲಿ.' ಹೋಳಿಗೆಯ ಜಗಳವನ್ನು ಕೆದಕಿ ಚುಚ್ಚಬೇಕೆಂದೇ ಬರೆದಿದ್ದಳು.

ಹೌದು, ನಾನೇ ಬರೆದೆ ಎಂದರೆ ಮುಗಿಯುತ್ತಿತ್ತು. ನಸೀಮಾ ಅದನ್ನೇ ಕೇಳಲು ಕಾದಿದ್ದಾರೆಂಬುದು ಅವರ ಕಣ್ಣಲ್ಲಿ ಕಾಣುತ್ತಿತ್ತು. ಮಷೀನಿಗೂ ಹಾಗೇ ಕಂಡಿರಬೇಕು. ಒಂದು ಸುಳ್ಳಿಗೆ ಎರಡು ವರ್ಷದ ಹಿಂದೆ ಕಳೆದ ಗೆಳೆತನ ವಾಪಸು ಬರುತ್ತದೆ. ಅವಳ ಬಾಯಿ ತೆರೆಯಿತು.

"ಇಲ್ರಿ ಅಕ್ಕಾ. ಇದನ್ನ ನಾ ಬರದಿಲ್ಲ."

ನಸೀಮಾ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. "ನನಗೂ ಗೊತ್ತಿತ್ತು. ನಿನ್ನ ಕೈಯಿಂದ ಇದು ಬರೂದಿಲ್ಲಂತ" ಎಂದರು. ಸಾಲೆಯ ಮಕ್ಕಳನ್ನು ಹೆದರಿಸುವ ಆ ದನಿ ಸಣ್ಣಗಾಗಿತ್ತು. "ಆದ್ರ ಒಂದು ತಿಂಗಳು ಚೊಲೋ ಅನಸ್ತು ನೋಡು. ಮಂದಿ ನನ್ನ ಕೂಡ ಪ್ರೀತೀಲೆ ಮಾತಾಡ್ತಿದ್ರು. ಸುಳ್ಳ ಇರಲಿ. ಮನಿಗೆ ಬಂದು ಫೋನು ತಗದ್ರ ಯಾರೋ ಕಾಯಾಕತ್ತಾರ ಅನಸ್ತಿತ್ತು. ಎಲ್ಲಾರಿಗೂ ಅಡ್ಡ ಹೇಳಿ ಹೇಳಿ ನನಗ ಯಾರೂ ಉಳಿದಿಲ್ಲ ಭುವನಾ."

ಕಟ್ಟೆಯ ಮೇಲೆ ಯಾರಿಗೂ ಹೆದರದ ಈ ಹೆಂಗಸು ಒಳಗೊಳಗೇ ಇಷ್ಟು ನೊಂದಿರಬಹುದೆಂದು ಭುವನಾ ಎಂದೂ ಯೋಚಿಸಿರಲಿಲ್ಲ.

"ಆವತ್ತು ನೀವು ಹೇಳಿದ್ದು ಖರೇನ ಇತ್ತು" ಎಂದಳು. ಮಾತು ತಡವರಿಸುತ್ತ ಬಂತು. "ಹೋಳಿಗಿ ಲೆಕ್ಕ. ನನ್ನದ ತಪ್ಪಿತ್ತು. ಎಲ್ಲಾರೂ ನಕ್ಕರು, ಅದಕ ನನಗ ಸಿಟ್ಟು ಬಂತು. ಕರದಂಟಿನ ಮಾತು ಆಡಬಾರದಿತ್ತು. ಸಿಟ್ಟು ಇನ್ನೂ ಒಂದೀಟು ಐತ್ರಿ. ಹೋಗಿಲ್ಲ."

"ನನಗೂ ಐತಿ" ಎಂದರು ನಸೀಮಾ.

ಹೊರಗೆ ಯಾರೋ ಗಾಡಿ ಶುರುಮಾಡಲು ಒದ್ದಾಡುತ್ತಿದ್ದರು. ನಸೀಮಾ ಎದ್ದು ಹೋಗಿ ಚಹಾ ಇಟ್ಟು ಬಂದರು.

"ಆತು, ಬಯಲ ಇರಲಿ" ಎಂದರು. "ಖರೇ ಮಾತು ಕೇಳೂದ ಇದ್ರ ಖರೇ ಮಾತ ಕೇಳೋಣು. ಆದ್ರ ಆ ಯಾದಗಿರಿ ಹೆಣಮಗಳ ಗತಿ ಏನು? ಬಯಲಿಗೆ ಹೋದ ದಿನಾನ ಆ ಇಳಕಲ್ಲಿನಂವ ಏನರೆ ಅಂದಬಿಡತಾನ. ಆಕಿ ಮತ್ತ ಬಾಯಿ ಮುಚ್ಚಿಕೊಂಡು ಕೂಡತಾಳ."

"ಹೌದ್ರಿ. ಆಕಿ ಬಿಟ್ಟು ಹೋಗತಾಳ ಅನಸ್ತೈತಿ."

"ಆಕೀ ನಂಬರ್ ಐತೇನು?"

"ನನ್ನ ಕಡೆ ಐತಿ. ಯಾಕ್ರಿ, ನೀವು ಮಾತಾಡತೀರಾ?" ಎಂದಳು 'ನೀವು' ಎಂಬುದನ್ನು ಎಳೆದು.

"ಯಾಕ? ನನಗ ಮೆತ್ತಗ ಮಾತಾಡಾಕ ಬರೂದಿಲ್ಲೇನು?"

ಭುವನಾ ನಂಬರ್ ಕೊಟ್ಟಳು. ನಸೀಮಾ ಮತ್ತೆ ಒಲೆಯ ಪಕ್ಕ ಹೋಗಿ ನಿಂತು, ಒಂದು ಕೈಯಲ್ಲಿ ಚಹಾ ತಿರುವುತ್ತ ಫೋನು ಮಾಡಿದರು. "ಸಾಬಮ್ಮ ಏನವಾ? ನಾನು ಗೋಕಾಕದ ನಸೀಮಾ. ಹೆದರಬ್ಯಾಡ ತಂಗಿ, ಸುಮ್ನ ಮಾತಾಡಸೋಣಂತ ಮಾಡೀನಿ. ಮಗ ಹೆಂಗದಾನ? ಊಟಾ ಮಾಡಿದ್ನಾ? ನೀ ಮಾಡಿದೇನವಾ?" ಆ ಕಡೆಯವಳು ಏನೋ ಹೇಳಿದಳು. ನಸೀಮಾ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. "ಹೂಂ... ಹೂಂ... ಅಯ್ಯ, ಅದಕ್ಯಾಕ ಅಳತೀ? ನಾ ಇದ್ದೀನಿ. ಕಟ್ಟಿ ಮ್ಯಾಲ ಕೇಳಾಕ ಅಂಜಿಕಿ ಬಂದ್ರ ನನಗ ಫೋನ್ ಹಚ್ಚು, ಯಾವಾಗಾದ್ರೂ ಹಚ್ಚು."

ಚಹಾ ಉಕ್ಕುತ್ತಿತ್ತು. ಭುವನಾ ಎದ್ದು ಉರಿ ಸಣ್ಣ ಮಾಡಿದಳು. ನಸೀಮಾ ಅವಳ ಕಡೆ ತಿರುಗಿ ನೋಡಲೂ ಇಲ್ಲ, ಫೋನಿನಲ್ಲಿ ಮಗ್ನರಾಗಿದ್ದರು. ಇಷ್ಟು ವರ್ಷದಲ್ಲಿ ಈ ಹೆಂಗಸು ತನ್ನ ಜೊತೆ ಒಂದು ದಿನವೂ ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ. ಭುವನಾಗೆ ಹೊಟ್ಟೆಕಿಚ್ಚಾಯಿತು.